ಹದಿನೇಳನೇ ನಂಬರಿನ ಹಸಿರು ಸೀರೆ

"ಇಳಿಸಯ್ಯ ಅದನ್ನ! ಈಗಿಂದೀಗ್ಲೇ ಇಳಿಸು!"

"ಇಳ್ಸಲ್ಲ ಸಾಹುಕಾರ್ರೇ. ಬೇಕಾದ್ರೆ ನನ್ನನ್ನ ಎತ್ತಿ ಹೊರಗೆ ಹಾಕ್ಸಿ. ಫೋಟೋ ಮಾತ್ರ ಮೊಳೆ ಬಿಟ್ಟು ಕದಲಲ್ಲ."

"ಯಾರನ್ನ ಕೇಳಿ ತೆಗೆದೆ ನನ್ನ ಫೋಟೋನ?"

"ಕೇಳೋಣ ಅಂತಾನೇ ಇದ್ದೆ. ನೀವು ಕುಣಿಯೋದು ನಿಲ್ಲಿಸ್ಬೇಕಲ್ಲ!"

ಹಾಲಿನ ಹಿಂಭಾಗದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಲ್ಲಿಕಾರ್ಜುನಪ್ಪನವರು ತಿರುಗಿ ನೋಡಿದ ಕೂಡಲೇ ಆ ನಗು ಕೆಮ್ಮಾಯಿತು.

ಅವತ್ತು ಮೂಡಿಗೆರೆಯಲ್ಲಿ, ಬೆಳೆಗಾರರ ಸಂಘದ ಹಾಲಿನಲ್ಲಿ, ಪುಟ್ಟಸ್ವಾಮಿಯ ಫೋಟೋ ಪ್ರದರ್ಶನ. ೧೯೯೭ರ ನವೆಂಬರ್ ತಿಂಗಳು. ಪುಟ್ಟಸ್ವಾಮಿ ಗೋಣಿಬೀಡಿನವನು. ನಲವತ್ತೈದು ವಯಸ್ಸು. ಅವನಿಗೆ ಸ್ಟುಡಿಯೋ ಇಲ್ಲ, ಬೋರ್ಡಿಲ್ಲ, ಮೇಲೆ ಯಜಮಾನನೂ ಇಲ್ಲ. ಒಂದು ಹಳೇ ಸ್ಕೂಟರು, ಒಂದು ಪೆಂಟಾಕ್ಸ್ ಕ್ಯಾಮೆರಾ, ಮೂಗಿನ ತುದಿಯಲ್ಲೇ ಕೂತಿರುವ ಸಿಟ್ಟು, ಇಷ್ಟು ಇದ್ದವು. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಕರೆದವರ ಮನೆಗೆ ಹೋಗಿ ಫೋಟೋ ತೆಗೆಯುವುದು ಕಸುಬು. ಕರೆಯದವರ ಫೋಟೋ ತೆಗೆಯುವುದು ಚಟ.

ಇನ್ನೊಂದು ಚಟ ಬಾಯಿಯದು. ಯಾವ ಫೋಟೋವನ್ನೂ ಅವನು ಸುಮ್ಮನೆ ಕೈಗೆ ಕೊಟ್ಟವನಲ್ಲ. ಅದರ ಹಿಂದಿನ ಕಥೆ ಪೂರ್ತಿ ಹೇಳಿ, ಕೇಳುವವರು ತಲೆಯಾಡಿಸಿದ ಮೇಲೇ ಕವರು ಬಿಚ್ಚುವುದು. "ಫೋಟೋ ಅರ್ಧ, ನಾನು ಇನ್ನರ್ಧ" ಎನ್ನುತ್ತಿದ್ದ. ಕೆಲವರು ಆ ಇನ್ನರ್ಧ ಬೇಡವೆಂದೇ ಚಿಕ್ಕಮಗಳೂರಿನಿಂದ ಬೇರೆ ಫೋಟೋಗ್ರಾಫರನ್ನು ಕರೆಸುತ್ತಿದ್ದರು.

ಪ್ರದರ್ಶನದಲ್ಲಿ ನಲವತ್ತು ಫೋಟೋಗಳಿದ್ದವು. ಬೆಳಿಗ್ಗೆ ಹತ್ತರಿಂದ ಅವನು ಗೋಡೆಗುಂಟ ಜನರನ್ನು ಕರೆದುಕೊಂಡು ಹೋಗಿ ಒಂದೊಂದರ ಕಥೆಯನ್ನೂ ಹೇಳಿದ್ದ. ಮೂರನೇ ನಂಬರಿನಲ್ಲಿ ಮದುಮಗನ ಸೋದರಮಾವ ಧಾರೆಯ ಹೊತ್ತಿನಲ್ಲಿ ನಿಂತೇ ನಿದ್ದೆ ಮಾಡುತ್ತಿದ್ದ; ಅಕ್ಷತೆ ಬಿದ್ದಾಗ ಮಳೆಯೆಂದುಕೊಂಡು ಕೊಡೆ ಬಿಚ್ಚಿದನಂತೆ. ಒಂಬತ್ತನೆಯದರಲ್ಲಿ ಕಣದ ತುಂಬ ಹಣ್ಣು ಸುಲಿದ ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಲು ಹರಡಿತ್ತು, ನಡುವೆ ನಾಯಿ ಮಲಗೆದ್ದು ಹೋದ ಗುಂಡಿ. ಆ ಗುಂಡಿ ನೋಡಿಯೇ ತೋಟದ ಲೆಕ್ಕ ಬರೆಯುವ ರೈಟರು ಅದು ಯಾರ ಮನೆಯ ನಾಯಿ ಎಂದು ಹೇಳಿದ್ದರಂತೆ. ಹನ್ನೆರಡನೆಯದು ದೇವರಮನೆ ಎಂಬ ಊರಿನ ಗುಡ್ಡದ್ದು. ಅದರಲ್ಲಿ ಬರೀ ಬಿಳಿ, ಬೇರೇನೂ ಇಲ್ಲ.

"ಇದ್ರಲ್ಲೇನಿದೆ ಮಾರಾಯ?" ಎಂದು ಕೇಳಿದ್ದ ರುದ್ರೇಶ್. ಅವನು ಸಂಘದ ಕಾರ್ಯದರ್ಶಿ; ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ.

"ಹದಿನಾಲ್ಕು ಹಸು ಇದಾವೆ. ಮಂಜು ಬಂತು."

"ಹದಿನಾಲ್ಕೇ ಅಂತ ಹೆಂಗೆ ಗೊತ್ತು?"

"ಮಂಜು ಹೋದ್ಮೇಲೆ ಎಣಿಸ್ದೆ."

ಹದಿನೈದು ನಿಮಿಷದ ಮೇಲೂ ನಾಲ್ಕು ಜನ ಆ ಫೋಟೋದ ಮುಂದೆಯೇ ನಿಂತು ಹಸು ಹುಡುಕುತ್ತಿದ್ದರು. ಒಬ್ಬರಿಗೆ ಎರಡು ಸಿಕ್ಕಿದ್ದವು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದರೆ ಊಟಕ್ಕೆ ಮುಂಚೆ ಮಲ್ಲಿಕಾರ್ಜುನಪ್ಪನವರು ಎದ್ದು ನಿಂತು, ಮುಂದಿನ ವರ್ಷದ ಸಂಘದ ಕ್ಯಾಲೆಂಡರಿಗೆ ಪುಟ್ಟಸ್ವಾಮಿಯ ಹನ್ನೆರಡು ಚಿತ್ರ ಎಂದು ಘೋಷಿಸಬೇಕಿತ್ತು. ಸಂಘಕ್ಕೆ ಅವರೇ ಅಧ್ಯಕ್ಷರು. ಮಲೆನಾಡಿನ ಪ್ರತಿ ಕಾಫಿ ಮನೆಯ ಗೋಡೆಯ ಮೇಲೂ ಒಂದು ವರ್ಷ ತಾನು ತೂಗಾಡಬೇಕೆಂದು ಪುಟ್ಟಸ್ವಾಮಿಗೆ ಇಪ್ಪತ್ತು ವರ್ಷದ ಆಸೆ. ಆದರೆ ಅಧ್ಯಕ್ಷರು ಹದಿನೇಳನೇ ನಂಬರಿನ ಮುಂದೆ ಬಂದು ನಿಂತರು.

ಫೋಟೋದಲ್ಲಿ ಜೋರು ಮಳೆ. ಮಳೆಯಲ್ಲಿ ಮಲ್ಲಿಕಾರ್ಜುನಪ್ಪನವರು. ಸಂಘದ ಸಭೆಯಲ್ಲಿ ಯಾರೂ ಅವರ ಹಲ್ಲು ನೋಡಿದವರಿಲ್ಲ. ಇಲ್ಲಿ ಮೂವತ್ತೆರಡೂ ಕಾಣುತ್ತಿದ್ದವು. ಪಟ್ಟೆಪಟ್ಟೆ ಚಡ್ಡಿ, ಬನಿಯನ್ನು, ತಲೆಯ ಮೇಲೆ ಕಾಫಿ ಕೊಯ್ಯುವ ಬುಟ್ಟಿ ಬೋರಲು. ಒಂದು ಕಾಲು ಗಾಳಿಯಲ್ಲಿ. ಕಣ್ಣು ಮುಚ್ಚಿ, ಬಾಯಿ ತೆರೆದು ಮಳೆ ಕುಡಿಯುತ್ತಿದ್ದರು. ಅವರ ಬಲಗೈ ಇನ್ನೊಂದು ಕೈಯನ್ನು ಹಿಡಿದಿತ್ತು. ಆ ಇನ್ನೊಂದು ಕೈ, ಹಾರಿದ ಒಂದು ಗಿಳಿಹಸಿರು ಸೆರಗು, ನೆಲದಿಂದ ಎದ್ದ ಒಂದು ಹಿಮ್ಮಡಿ, ಅಲ್ಲಿಗೆ ಫೋಟೋದ ಅಂಚು.

"ನೋಡು ಪುಟ್ಟಸ್ವಾಮಿ," ಎಂದರು ಮಲ್ಲಿಕಾರ್ಜುನಪ್ಪ, ಹಲ್ಲು ಕಚ್ಚಿ. "ಒಂದೋ ಇದು ಇಲ್ಲಿರ್ಬೇಕು, ಇಲ್ಲಾ ಕ್ಯಾಲೆಂಡರ್ ನಿಂಗಿರ್ಬೇಕು."

"ನನ್ನ ಜೀವಮಾನದಲ್ಲಿ ತೆಗೆದ ಫೋಟೋಗಳಲ್ಲಿ ಎಲ್ಲಕ್ಕಿಂತ ಒಳ್ಳೇದು ಇದೇ ಸಾಹುಕಾರ್ರೇ. ಇದನ್ನ ಇಳಿಸಿ ಗೋಡೆಗೆ ಇನ್ನೇನು ಹಾಕ್ಲಿ, ಸುಣ್ಣಾನಾ?"

ರುದ್ರೇಶ್ ಇಬ್ಬರ ನಡುವೆ ಕೈ ಅಡ್ಡ ಹಿಡಿದ. "ಆಯ್ತು, ಆಯ್ತು. ಕಥೆ ಕೇಳಾಣ ಮೊದ್ಲು. ಪುಟ್ಟಸ್ವಾಮಿಯವ್ರೇ, ಇದ್ರ ಕಥೆ ಹೇಳಿ. ಕೇಳಿದ್ರೆ ಸಾಹುಕಾರ್ರಿಗೂ ಸಮಾಧಾನ ಆಗುತ್ತೆ."

"ಇದಕ್ಕೆ ಕಥೆ ಇಲ್ಲ."

ಹಸು ಹುಡುಕುತ್ತಿದ್ದವರೂ ತಿರುಗಿದರು. ಪುಟ್ಟಸ್ವಾಮಿಯ ಫೋಟೋಗೆ ಕಥೆ ಇಲ್ಲವೆ! ಪಾಸ್‌ಪೋರ್ಟ್ ಸೈಜಿನ ಫೋಟೋಗೂ ಅರ್ಧ ಗಂಟೆ ತೆಗೆದುಕೊಳ್ಳುವ ಆಸಾಮಿ!

ಆಗ ಮುಂದೆ ಬಂದವರು ಗಿರಿಜಾಂಬಾ, ಮಲ್ಲಿಕಾರ್ಜುನಪ್ಪನವರ ಹೆಂಡತಿ. ಅಷ್ಟು ಹೊತ್ತೂ ಅವರು ಬಾಯಿಗೆ ಸೆರಗಿಟ್ಟುಕೊಂಡು ಗಂಡನ ಪಟ್ಟೆ ಚಡ್ಡಿ ನೋಡಿ ನಗುತ್ತಿದ್ದರು. ಈಗ ಕನ್ನಡಕ ಏರಿಸಿ, ಫೋಟೋಗೆ ಮೂಗು ತಾಗಿಸಿ ನೋಡಿದರು. ನಗು ಮಾಯವಾಯಿತು.

"ಇದು ನನ್ನ ಸೀರೆ."

ಪುಟ್ಟಸ್ವಾಮಿ ಫೋಟೋದ ಅಂಚು ನೋಡಿದ. ಎಂಟು ತಿಂಗಳ ಹಿಂದೆ ಲ್ಯಾಬಿನಲ್ಲಿ ನಿಂತು, "ಇಲ್ಲಿಗೆ ಕಟ್ ಮಾಡು, ಮುಖ ಬರೋದು ಬೇಡ" ಎಂದು ಬೆರಳಿಟ್ಟು ತೋರಿಸಿದ್ದ. ಮುಖ ಇಲ್ಲದಿದ್ದರೆ ಯಾರೆಂದು ಗೊತ್ತಾಗುವುದಿಲ್ಲ ಎಂದು ಅವನ ಲೆಕ್ಕ. ಇಪ್ಪತ್ತೆರಡು ವರ್ಷ ಮದುವೆ ಮನೆಗಳಲ್ಲಿ ಹೆಂಗಸರ ಫೋಟೋ ತೆಗೆದವನು, ಅವರು ಆಲ್ಬಂ ತೆರೆದರೆ ಮುಖಕ್ಕಿಂತ ಮೊದಲು ಸೀರೆ ನೋಡುತ್ತಾರೆ ಎಂಬುದನ್ನು ಮರೆತಿದ್ದ.

"ಅಂಚು ನೋಡಿ, ಮಾವಿನಕಾಯಿ ಅಂಚು. ನನ್ನ ತಮ್ಮನ ಮದುವೇಲಿ ಬಂದಿದ್ದು. ಏಪ್ರಿಲ್‌ನಿಂದ ಹುಡುಕ್ತಿದ್ದೀನಿ!" ಗಿರಿಜಾಂಬಾ ಗಂಡನ ಕಡೆ ತಿರುಗಿದರು. "ಏನಂದ್ರಿ ನೀವು? ಇಲಿ ತಗೊಂಡು ಹೋಗಿರುತ್ತೆ ಅಂದ್ರಿ. ಆರು ಗಜದ ಸೀರೆನ ಇಲಿ ಹೊತ್ಕೊಂಡು ಹೋಯ್ತು ಅಂದ್ರೆ ನಾನೂ ನಂಬಿದ್ನಲ್ಲ!"

"ಗಿರಿಜಾ, ಮನೆಗೆ ಹೋಗಿ ಮಾತಾಡಾಣ."

"ಯಾರ್ದು ಈ ಕೈ?"

ಮಲ್ಲಿಕಾರ್ಜುನಪ್ಪನವರು ಚಾವಣಿ ನೋಡಿದರು.

"ಪುಟ್ಟಸ್ವಾಮಿ, ನೀನು ಹೇಳಪ್ಪ. ಯಾರ್ದು?"

ಪುಟ್ಟಸ್ವಾಮಿಯೂ ಚಾವಣಿ ನೋಡಿದ. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಆ ಕೈಯ ಒಡತಿ ಅವರಿಂದ ಹತ್ತು ಅಡಿ ದೂರದಲ್ಲಿ, ಬೆತ್ತದ ಕುರ್ಚಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿದ್ದರು.

ಅವರು ಶಿವಗಂಗಮ್ಮ, ಮಲ್ಲಿಕಾರ್ಜುನಪ್ಪನವರ ತಾಯಿ. ಎಪ್ಪತ್ತನಾಲ್ಕು ವಯಸ್ಸು. ಎರಡು ವರ್ಷದ ಹಿಂದೆ ಕಣದಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಅಂದಿನಿಂದ ಅವರು ನಡೆದದ್ದನ್ನು ಅವರ ಊರಾದ ಬಣಕಲ್ಲಿನಲ್ಲಿ ಯಾರೂ ಕಂಡಿಲ್ಲ. ಇವತ್ತೂ ಇಬ್ಬರು ಆಳುಗಳು ಕುರ್ಚಿ ಸಮೇತ ಎತ್ತಿ ಜೀಪಿನಿಂದ ಇಳಿಸಿ, ಮೆಟ್ಟಿಲು ಹತ್ತಿಸಿ, ತಂದು ಕೂರಿಸಿದ್ದರು. ಬೆಳಿಗ್ಗೆ ಹಾಸಿಗೆಗೆ ಕಾಫಿ, ಹತ್ತಕ್ಕೆ ಬಿಸಿನೀರು, ಸಂಜೆ ಕಾಲಿಗೆ ಎಣ್ಣೆ. ಎಲ್ಲ ಗಿರಿಜಾಂಬಾ ಕೈಯಿಂದಲೇ. ಇಂಥ ಸೊಸೆ ಇಲ್ಲ ಎಂದು ಊರು ಹೊಗಳುತ್ತಿತ್ತು.

ಕಾಲು ಮೂರೇ ತಿಂಗಳಿಗೆ ವಾಸಿಯಾಗಿತ್ತು. ಡಾಕ್ಟರು ನಡೆಯಿರಿ ಎಂದಿದ್ದರು. "ಐವತ್ತು ವರ್ಷ ಈ ಮನೇಲಿ ಎಲ್ರಿಗಿಂತ ಮೊದ್ಲು ಎದ್ದಿದ್ದೀನಿ ಕಣೋ, ಇನ್ನೊಂದಷ್ಟು ದಿನ ಕೂತ್ಕೊಳ್ತೀನಿ, ಹೇಳ್ಬೇಡ" ಎಂದು ಅವರು ಮಗನ ಕೈ ಹಿಡಿದರು. ಒಂದಷ್ಟು ದಿನ ಎರಡು ವರ್ಷವಾಯಿತು. ಈ ಸಂಗತಿ ಗೊತ್ತಿದ್ದದ್ದು ಮಗನಿಗೆ. ಆಮೇಲೆ, ಈ ಫೋಟೋ ತೆಗೆದ ಮಾರ್ಚ್ ತಿಂಗಳಿಂದ, ಪುಟ್ಟಸ್ವಾಮಿಗೆ. ಮಳೆಯಲ್ಲೇ ಬಂದು ಅವನ ಕಿವಿ ಹಿಂಡಿ ಭಾಷೆ ತೆಗೆದುಕೊಂಡಿದ್ದರು ಶಿವಗಂಗಮ್ಮ. ಮುಖ ತೋರಿಸಬಾರದು. ಕಥೆ ಹೇಳಬಾರದು.

ಎಂಟು ತಿಂಗಳು ಅವನು ಆ ಕಥೆಯನ್ನು ಬಾಯೊಳಗೆ ಇಟ್ಟುಕೊಂಡು ಓಡಾಡಿದ್ದ. ಬೇರೆಯವರಿಗೆ ಅದೇನು ದೊಡ್ಡ ಕೆಲಸವಲ್ಲ. ಪುಟ್ಟಸ್ವಾಮಿಗೆ ಅದು ಬಿಸಿ ಕೆಂಡ ಇಟ್ಟುಕೊಂಡ ಹಾಗೆ. ಸ್ಕೂಟರಿನ ಮೇಲೆ ಒಬ್ಬನೇ ಹೋಗುವಾಗ ಕಥೆಯನ್ನು ತನಗೆ ತಾನೇ ಹೇಳಿಕೊಂಡು ನಕ್ಕು, ಎರಡು ಸಲ ಚರಂಡಿಗೆ ಇಳಿದಿದ್ದ.

"ಹೇಳಲ್ಲ ಅಕ್ಕಾವ್ರೇ," ಎಂದ ಈಗ. "ಕ್ಯಾಲೆಂಡರೂ ಬೇಡ, ಏನೂ ಬೇಡ. ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ದೀಯಾ? ಯಾರಿಗೆ? ಇವ್ಳಿಗಾ?" ಗಿರಿಜಾಂಬಾ ಫೋಟೋದ ಹಿಮ್ಮಡಿಗೆ ಬೆರಳಿಟ್ಟರು.

ಪುಟ್ಟಸ್ವಾಮಿ ಶಿವಗಂಗಮ್ಮನವರತ್ತ ಒಂದು ನೋಟ ಎಸೆದ. ಬಿಡಿಸಮ್ಮಾ ತಾಯಿ ಎನ್ನುವ ನೋಟ. ಶಿವಗಂಗಮ್ಮ ಅಡಿಕೆಯ ಚೂರನ್ನು ಬಲದವಡೆಯಿಂದ ಎಡದವಡೆಗೆ ಸಾಗಿಸಿದರು.

ಗಿರಿಜಾಂಬಾ ಬುದ್ಧಿವಂತೆ. ಎಸ್ಟೇಟಿನ ಆಳುಗಳ ಹಾಜರಿಯ ಮಸ್ಟರ್ ರೋಲ್ ನೋಡುವ ಹೆಂಗಸು. ಮೇಜಿನ ಮೇಲೆ ಪುಟ್ಟಸ್ವಾಮಿಯ ಬಿಸ್ಕತ್ ಡಬ್ಬ ಇತ್ತು. ಅದರಲ್ಲಿ ನಲವತ್ತು ನೆಗೆಟಿವ್, ನಲವತ್ತು ಕವರು, ಪ್ರತಿ ಕವರಿನ ಮೇಲೂ ನಂಬರು. ಅವನು ಅಡ್ಡ ಹೋಗುವಷ್ಟರಲ್ಲಿ ಅವರು ಹದಿನೇಳನ್ನು ಎಳೆದಿದ್ದರು. ಪಕ್ಕದಲ್ಲಿದ್ದ ಭೂತಗನ್ನಡಿಯನ್ನೂ ಎತ್ತಿಕೊಂಡು ಟ್ಯೂಬ್‌ಲೈಟಿನ ಕೆಳಗೆ ನಿಂತರು.

"ಅಕ್ಕಾವ್ರೇ, ಬೆರಳಿನ ಗುರುತು ಬೀಳುತ್ತೆ! ಅಂಚು ಹಿಡೀರಿ, ಅಂಚು!"

"ಸುಮ್ನಿರು!" ಅವರು ಒಂದು ಕಣ್ಣು ಮುಚ್ಚಿದರು. "ಇಲ್ಲಿದ್ದಾಳೆ. ಪೂರ್ತಿ ಇದ್ದಾಳೆ. ಮುಖ ಸರಿಯಾಗಿ ಕಾಣಲ್ಲ... ಅಯ್ಯೋ ನನ್ನ ಶಿವನೇ! ಕೂದಲು ನೋಡಿ! ಕಾಡಿಗೆ ಕಪ್ಪಗಿದೆ!"

ಹಾಲು ಹೋ ಎಂದಿತು.

"ಒಂದು ಬಿಳಿ ಎಳೆ ಇಲ್ಲ! ಇನ್ನೂ ಇಪ್ಪತ್ತೈದೂ ಆಗಿರಲ್ಲ ಇವ್ಳಿಗೆ!" ಮತ್ತೆ ನೋಡಿದರು. "ರೀ! ಇದ್ರಲ್ಲಿ ಸೀರೆ ಕೆಂಪಗಿದೆ! ಇಬ್ರಿದ್ರೇನ್ರೀ? ಹಸಿರು ಸೀರೆಯೋಳು ಒಬ್ಳು, ಕೆಂಪು ಸೀರೆಯೋಳು ಒಬ್ಳು!"

"ಅಲ್ಲಕ್ಕಾ," ಎಂದ ರುದ್ರೇಶ್, "ನೆಗೆಟಿವ್‌ನಲ್ಲಿ ಕಪ್ಪು ಅಂದ್ರೆ ಅದು..."

ಪುಟ್ಟಸ್ವಾಮಿ ಅವನ ಪಾದದ ಮೇಲೆ ಗಟ್ಟಿಯಾಗಿ ಕಾಲಿಟ್ಟ. ರುದ್ರೇಶ್ ಒಂಟಿಕಾಲಿನಲ್ಲಿ ಕುಣಿಯುತ್ತ ಗೋಡೆಯ ಕಡೆ ಹೋದ. ಕಪ್ಪು ಕಂಡದ್ದು ಬಿಳಿ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಬೆಳ್ಳಗಿನ ಕೂದಲು, ಮಲ್ಲಿಕಾರ್ಜುನಪ್ಪನವರ ತೋಟ. ಉಳಿದದ್ದನ್ನು ಹಾಲಿನಲ್ಲಿದ್ದವರೆಲ್ಲ ತಾವೇ ಹೇಳಿಕೊಳ್ಳುತ್ತಾರೆ. ಒಂದೇ ಮಾತು. ಸಾಹುಕಾರರ ಮಾನ ಉಳಿಯುತ್ತದೆ, ಕ್ಯಾಲೆಂಡರು ಸಿಗುತ್ತದೆ, ಬಾಯಲ್ಲಿರುವ ಕೆಂಡ ಇಳಿಯುತ್ತದೆ. ಪುಟ್ಟಸ್ವಾಮಿಯ ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತು. ತುಟಿ ಕಚ್ಚಿದ. ಕರ್ಚೀಫು ತೆಗೆದು ಬಾಯಿಗೆ ತುರುಕಿಕೊಂಡ.

"ನೋಡಿ, ಬಾಯಿಗೆ ಬಟ್ಟೆ ಇಟ್ಕೊಂಡ! ನಾನು ಇವತ್ತೇ ತರೀಕೆರೆಗೆ ಹೊರಟೆ, ನಮ್ಮಮ್ಮನ ಮನೆಗೆ!" ಎಂದರು ಗಿರಿಜಾಂಬಾ. "ಅತ್ತೆನ ನೀವೇ ನೋಡ್ಕೊಳ್ಳಿ. ಹಾಸಿಗೆಗೆ ಕಾಫಿ ಆ ಕರಿಗೂದಲಿನೋಳು ತಂದು ಕೊಡ್ಲಿ!"

ಆಗ ಒಂದು ಸದ್ದು ಕೇಳಿಸಿತು. ಮೊದಲು ಕುಕ್ಕರಿನಿಂದ ಹಬೆ ಹೊರಡುವಂತೆ. ಆಮೇಲೆ ಬೆತ್ತದ ಕುರ್ಚಿ ಕಿರ್ ಕಿರ್ ಎಂದಿತು. ಶಿವಗಂಗಮ್ಮ ನಗುತ್ತಿದ್ದರು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು, ಬಾಯಿಂದ ಎಲೆಯ ರಸ ಗಲ್ಲಕ್ಕಿಳಿದಿತ್ತು.

"ಇಪ್ಪತ್ತೈದಂತೆ!" ಎಂದರು. "ಗಿರಿಜಾ, ಇನ್ನೊಂದ್ಸಲ ಹೇಳೇ!"

"ಏನತ್ತೆ?"

"ನನ್ನ ವಯಸ್ಸು!"

ಹೀಗೆಂದವರೇ ಎದ್ದು ನಿಂತರು. ಯಾರೂ ಹಿಡಿಯಲಿಲ್ಲ, ಕೋಲೂ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಆಳುಗಳಲ್ಲಿ ಒಬ್ಬನು ತನ್ನ ಹೆಗಲನ್ನು ತಾನೇ ಮುಟ್ಟಿ ನೋಡಿಕೊಂಡ. ಶಿವಗಂಗಮ್ಮ ಹತ್ತು ಅಡಿ ದೂರವನ್ನು ಎಂಟೇ ಹೆಜ್ಜೆಯಲ್ಲಿ ದಾಟಿ ಬಂದು, ಹದಿನೇಳನೇ ನಂಬರಿನ ಪಕ್ಕದಲ್ಲಿ ನಿಂತು, ಫೋಟೋದಲ್ಲಿದ್ದ ಹಾಗೆಯೇ ಹಿಮ್ಮಡಿ ಎತ್ತಿ ತೋರಿಸಿದರು.

ಗಿರಿಜಾಂಬಾ ಆ ಹಿಮ್ಮಡಿ ನೋಡಿದರು, ಈ ಹಿಮ್ಮಡಿ ನೋಡಿದರು. "ಇದಕ್ಕಾ ನಾನು ಎರಡು ವರ್ಷ ಎಣ್ಣೆ ತಿಕ್ಕಿದ್ದು!"

"ಒಳ್ಳೇ ಎಣ್ಣೆ ಕಣೇ. ಅದಕ್ಕೇ ಹಿಂಗೆ ಏಳುತ್ತೆ." ಶಿವಗಂಗಮ್ಮ ಪುಟ್ಟಸ್ವಾಮಿಯ ಬಾಯಿಂದ ಕರ್ಚೀಫನ್ನು ಎಳೆದರು. "ಎಂಟು ತಿಂಗಳು ಮುಚ್ಕೊಂಡಿದ್ದೆ. ಭೇಷ್! ಈಗ ಹೇಳು ಮಾರಾಯ. ಪೂರ್ತಿ ಹೇಳು, ಏನೂ ಬಿಡ್ಬೇಡ."

ಪುಟ್ಟಸ್ವಾಮಿ ಒಂದು ಉಸಿರು ಎಳೆದುಕೊಂಡ. ಆಮೇಲೆ ಅವನನ್ನು ಹಿಡಿಯುವವರು ಯಾರು!

"ಮಾರ್ಚ್ ಹದಿನೆಂಟು! ಸಂಜೆ ನಾಲ್ಕು ಗಂಟೆ! ನಾನು ಬಣಕಲ್‌ನಲ್ಲಿ ನಾಮಕರಣ ಮುಗಿಸ್ಕೊಂಡು ಬರ್ತಿದ್ದೆ. ಆಕಾಶ ನೋಡಿದ್ರೆ ಕರೀ ಎಮ್ಮೆ ಮಲಗಿದ ಹಾಗಿದೆ. ಸ್ಕೂಟರ್ ಸ್ಟಾರ್ಟೇ ಆಗಲ್ಲ. ತಳ್ಕೊಂಡು ಹೋಗಿ ಸಾಹುಕಾರ್ರ ಹಣ್ಣು ಸುಲಿಯೋ ಪಲ್ಪರ್ ಶೆಡ್ಡಲ್ಲಿ ನಿಂತೆ. ಅಲ್ಲಿಂದ ಕಣ ಪೂರ್ತಿ ಕಾಣುತ್ತೆ. ಅಕ್ಕಾವ್ರು ತರೀಕೆರೆಗೆ ಹೋಗಿದ್ರು. ಅಮ್ಮಾವ್ರು ಜಗಲಿ ಮೇಲೆ ಇದೇ ಕುರ್ಚೀಲಿ. ಉಟ್ಟಿದ್ದು ಯಾವ ಸೀರೆ? ಅಕ್ಕಾವ್ರ ಪೆಟ್ಟಿಗೆಯಿಂದ ತೆಗ್ದಿದ್ದು, ಹಸಿರು ಸೀರೆ!"

"ಉಟ್ಟು ನೋಡಿ ಮಡಿಚಿಡಾಣ ಅಂತಿದ್ದೆ. ಕೆಸರಾದ್ಮೇಲೆ ಬಚ್ಚಿಡ್ಬೇಕಾಯ್ತು," ಎಂದರು ಶಿವಗಂಗಮ್ಮ.

"ನೀವೆಲ್ಲ ತೋಟದೋರು, ನಿಮ್ಗೆ ನಾನು ಹೇಳ್ಬೇಕಾ? ಕಾಫಿ ಮೊಗ್ಗು ಅರಳೋಕೆ ಕಾಯ್ತಾ ಕೂತಿದೆ. ಹೂ ಮಳೆ ಬಂದ್ರೆ ವರ್ಷ ಉಳೀತು, ಬರ್ದಿದ್ರೆ ಇಲ್ಲ. ಪಕ್ಕದ ತೋಟಕ್ಕೆ ಬಿದ್ದು ನಿಮ್ಮ ಬೇಲಿ ಹತ್ರ ನಿಂತ್ಹೋದ್ರೂ ಹೋಯ್ತು. ಸಾಹುಕಾರ್ರು ಬಟ್ಟೆ ಬಿಚ್ಚಿ ಸ್ನಾನಕ್ಕೆ ಹೊರಟೋರು, ಮೊದ್ಲ ಹನಿ ಕಣಕ್ಕೆ ಬಿತ್ತು ನೋಡಿ, ಅದೇ ಚಡ್ಡೀಲಿ ಓಡಿ ಬಂದ್ರು! ಕೈಗೆ ಸಿಕ್ಕ ಬುಟ್ಟಿ ತಲೆಗೆ! 'ಅವ್ವಾ, ನಮ್ಮ ಕಡೆಗೇ ಬಂತು! ನಮ್ಮ ಕಡೆಗೇ!' ಅಂತ ಒಂದೇ ಕೂಗು. ಜಗಲಿಯಿಂದ ಅಮ್ಮಾವ್ರು, ವರ್ಷದ ಮೇಲಾಯ್ತು ಕೂತೋರು, ಮೂರು ಮೆಟ್ಲು ಇಳಿದ್ರಾ? ಇಳಿಲಿಲ್ಲ! ಹಾರಿದ್ರು!"

ಪುಟ್ಟಸ್ವಾಮಿ ಹಾರಿ ತೋರಿಸಿದ. ಮೇಜು ಅಲುಗಿತು.

"ತಾಯಿ ಮಗ ಕೈ ಕೈ ಹಿಡ್ಕೊಂಡು ಗರಗರ ತಿರುಗಿದ್ರು! ನಾಯಿ ಹೆದರಿ ಶೆಡ್ಡಿಗೆ ಬಂದು ನನ್ನ ಕಾಲ ಸಂದೀಲಿ ನಿಂತ್ಕೊಳ್ತು. ರೋಲ್‌ನಲ್ಲಿ ಒಂದೇ ಒಂದು ಉಳಿದಿತ್ತು, ಒಂದು! ತೊಂಬತ್ತು ಸೆಂಟ್ ಮಳೆ ಬಿತ್ತು ಅವತ್ತು..."

"ಒಂದು ಇಂಚು ಹನ್ನೆರಡು ಸೆಂಟ್!" ಎಂದರು ಮಲ್ಲಿಕಾರ್ಜುನಪ್ಪ, ತಡೆಯಲಾರದೆ. "ನಾನೇ ಅಳತೆ ಡಬ್ಬ ನೋಡಿದ್ದೀನಿ!"

"ಎಲ್ಲಿ ಸ್ವಾಮಿ?" ಹಸು ಹುಡುಕುತ್ತಿದ್ದವರಲ್ಲಿ ಒಬ್ಬರು ಮುಂದೆ ಬಂದರು. "ನಮ್ದು ನಿಮ್ಮ ಪಕ್ಕದ ತೋಟ. ನಮ್ಗೆ ಅವತ್ತು ಅರುವತ್ತೇ."

"ನಿಮ್ಮ ಡಬ್ಬ ಸಿಲ್ವರ್ ಓಕ್ ಮರದ ಕೆಳಗಿದೆ ಮಾರಾಯ್ರೇ, ಎಲ್ಲಿಂದ ಬೀಳುತ್ತೆ?"

"ಗೋಣಿಬೀಡಿಗೆ ಎಂಬತ್ತು!"

"ದೇವರಮನೆ ಕಡೆ ಎರಡು ಇಂಚು!"

"ಸುಳ್ಳು!"

ಇಂಚಿಗೆ ನೂರು ಸೆಂಟಿನ ಈ ಮಳೆಯ ಲೆಕ್ಕ ಬೆಳೆಗಾರರ ನಡುವೆ ಎದ್ದರೆ ಹೆಣ್ಣು ಕೊಟ್ಟ ಮನೆಯೆಂದೂ ನೋಡುವುದಿಲ್ಲ. ಹಾಲಿನ ತುಂಬ ಸೆಂಟು, ಇಂಚು, ಮೊಗ್ಗು, ಬೇಲಿ ಹಾರಾಡಿದವು. ಗಿರಿಜಾಂಬಾ ತರೀಕೆರೆಯನ್ನು ಮರೆತು, "ಒಂದು ಹನ್ನೆರಡೇ ಕಣ್ರೀ, ರಿಜಿಸ್ಟರ್ ಬರೆಯೋಳು ನಾನು!" ಎಂದು ಗಂಡನ ಪಕ್ಷ ಹಿಡಿದು ಕೂಗಿದರು. ಮಲ್ಲಿಕಾರ್ಜುನಪ್ಪನವರು ಹೇಗೆ ಕುಣಿದೆನೆಂದು ತೋರಿಸಲು ಪಂಚೆ ಎತ್ತಿಕಟ್ಟಿದರು. ಮೂವತ್ತೆರಡು ಹಲ್ಲೂ ಹೊರಬಂದವು.

"ರುದ್ರೇಶಾ, ಬರ್ಕೊ! ಮಾರ್ಚ್ ತಿಂಗಳಿಗೆ ಇದೇ ಫೋಟೋ! ಪೂರ್ತಿ ಹಾಕ್ಸಿ, ಅವ್ವನ ಮುಖನೂ ಬರ್ಲಿ. ಏನವ್ವಾ?"



ಎಲ್ಲರೂ ತಿರುಗಿದರು. ಫೋಟೋದ ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆತ್ತದ ಕುರ್ಚಿ ಖಾಲಿ. ಎಲೆಅಡಿಕೆಯ ಚೀಲವೂ ಇಲ್ಲ.

ಗಿರಿಜಾಂಬಾ ಬಾಗಿಲಿಗೆ ಓಡಿದರು. "ಅತ್ತೆ ಎಲ್ರೋ?"

"ಕಳಸದ ಬಸ್ಸು ಬಂತು ಅಕ್ಕಾವ್ರೇ," ಎಂದ ಆಳುಗಳಲ್ಲಿ ಒಬ್ಬ. "ಅಮ್ಮಾವ್ರು ಓಡಿ ಹತ್ತಿದ್ರು."

"ಓಡಿ?"

"ಓಡಿ. ಕಂಡಕ್ಟರ್ ಕೈ ಕೊಡೋಕೆ ಬಂದ, ಬೇಡ ಅಂದ್ರು. ಮಗಳ ಮನೆಗಂತೆ. ಇನ್ನು ಮನೆಗೆ ಹೋದ್ರೆ ಗಿರಿಜಾ ಬೆಳಿಗ್ಗೆ ಐದಕ್ಕೆ ಎಬ್ಬಿಸ್ತಾಳೆ, ನಾನು ಬರಲ್ಲ ಅಂದ್ರು. ಕುರ್ಚಿ ಮಾತ್ರ ತಗೊಂಡೋಗಿ ಅಂದ್ರು."

ಪುಟ್ಟಸ್ವಾಮಿ ಕ್ಯಾಮೆರಾ ಹಿಡಿದು ಮೆಟ್ಟಿಲು ಹಾರಿದ. ಬಸ್ಸು ತಿರುವಿನಲ್ಲಿತ್ತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸುತ್ತಿತ್ತು. ಈ ಸಲವೂ ಅವನಿಗೆ ಸಿಕ್ಕಿದ್ದು ಕೈ ಮಾತ್ರ.

"ನಾಳೆ ಬರ್ತಾರೆ ಬಿಡಿ," ಎಂದ ರುದ್ರೇಶ್, ಇನ್ನೂ ಒಂದು ಕಾಲು ಎತ್ತಿಕೊಂಡೇ.

ಬರಲಿಲ್ಲ. ಅವತ್ತು ಖಾಲಿ ಕುರ್ಚಿಯನ್ನು ಆ ಇಬ್ಬರು ಆಳುಗಳು ಮೊದಲಿನ ಹಾಗೆಯೇ ಹೆಗಲ ಮೇಲೆ ಹೊತ್ತು, ಅಲುಗಾಡದಂತೆ ಜೋಪಾನವಾಗಿ ಮೆಟ್ಟಿಲಿಳಿಸಿ, ಜೀಪಿನಲ್ಲಿಟ್ಟುಕೊಂಡು ಬಣಕಲ್ಲಿಗೆ ಹೋದರು.